ಅಂಕಿಯ ಪಕ್ಕದ ಅಕ್ಷರ



ನೀವು ಈಗ ಅಂಕಿ ಓದುತ್ತೀರಿ. ಬಸ್ಸಿನ ನಂಬರ್ ಓದುತ್ತೀರಿ. ಕರೆಂಟ್ ಬಿಲ್ ಓದುತ್ತೀರಿ. ತುಂಬಾ ಸಂತೋಷ. ಆದರೆ ಬರೀ ಅಂಕಿ ಓದಿದರೆ ಅರ್ಧ ಓದಿದ ಹಾಗೆ. ಅಂಕಿಯ ಪಕ್ಕದಲ್ಲಿ ಪುಟ್ಟದಾಗಿ ಎರಡು ಮೂರು ಅಕ್ಷರ ಇರುತ್ತವೆ. ಅವನ್ನೂ ಓದಬೇಕು. ಓದದೆ ಹೋದರೆ ಏನಾಗುತ್ತದೆ? ನಮ್ಮ ಕಲಿಕಾ ಕೇಂದ್ರದಲ್ಲಿ ನಡೆದದ್ದನ್ನು ಹೇಳುತ್ತೇನೆ, ಕೇಳಿ.

ದೊಡ್ಡಮ್ಮ ತಂದ ಚೀಟಿ

ಒಂದು ಸಂಜೆ. ದಿನಾ ಮೊದಲು ಬರುವ ದೊಡ್ಡಮ್ಮ ಅಂದು ತಡವಾಗಿ ಬಂದರು. ಕೈಯಲ್ಲಿ ಒಂದು ಚೀಟಿ ಇತ್ತು.

"ಯಾಕೆ ದೊಡ್ಡಮ್ಮ, ಇವತ್ತು ತಡ?" ಅಂತ ಕೇಳಿದೆ.

"ಸೊಸೆಗೆ ಉಪ್ಪು ಹಾಕಿ ಮಜ್ಜಿಗೆ ಕೊಟ್ಟು ಬಂದೆ ಟೀಚರಮ್ಮ. ಅವಳಿಗೆ ಈಗ ಏಳು ತಿಂಗಳು. ಬೆಳಗ್ಗೆಯಿಂದ ತಲೆನೋವು ಅಂತ ಮಲಗವ್ಳೆ. ಬಿ.ಪಿ. ತುಂಬಾ ಇಳಿದುಹೋಗೈತೆ."

"ಬಿ.ಪಿ. ಯಾರು ನೋಡಿದರು?"

"ನಾನೇ ನೋಡ್ದೆ!" ಅಂದರು ದೊಡ್ಡಮ್ಮ. ಮುಖದಲ್ಲಿ ಹೆಮ್ಮೆ ಇತ್ತು. "ನಮ್ಮ ನೆಂಟರು ಒಂದು ಮಿಷನ್ ತಂದುಕೊಟ್ಟವ್ರೆ. ರಟ್ಟೆಗೆ ಪಟ್ಟಿ ಸುತ್ತಿ ಗುಂಡಿ ಒತ್ತಿದ್ರೆ ಆಯ್ತು, ಅದೇ ನಂಬರ್ ತೋರಿಸ್ತದೆ. ನಾನೇ ಓದಿ ಬರ್ಕೊಂಡು ಬಂದೆ."

ಚೀಟಿ ನೋಡಿದೆ. ಮೇಲೆ 19.2 ಅಂತ ಇತ್ತು. ಕೆಳಗೆ 12.8 ಅಂತ ಇತ್ತು.

"120 ಇರಬೇಕು ಅಂತ ನರ್ಸಮ್ಮ ಹೇಳಿದ್ರು. ಇಲ್ಲಿ ನೋಡಿದ್ರೆ 19. ಎಷ್ಟು ಕಡಿಮೆ ಆಗೈತೆ ನೋಡಿ" ಅಂದರು ದೊಡ್ಡಮ್ಮ.

ಅಂಕಿಗಳ ಪಕ್ಕದಲ್ಲಿ ಮೂರು ಇಂಗ್ಲಿಷ್ ಅಕ್ಷರ ಇದ್ದವು. ರಂಗೋಲಿ ಎಳೆದ ಹಾಗೆ ದೊಡ್ಡಮ್ಮ ಅವನ್ನು ಬಿಡಿಸಿದ್ದರು. "ಇದೇನೋ ಗೊತ್ತಾಗ್ಲಿಲ್ಲ. ಆದ್ರೂ ಇರ್ಲಿ ಅಂತ ಬರ್ಕೊಂಡೆ" ಅಂದರು.

ಆ ಅಕ್ಷರಗಳು ಕೆ, ಪಿ, ಎ. ಅವನ್ನು ಕಂಡು ನನ್ನ ಎದೆ ಧಸಕ್ಕೆಂದಿತು. ಬೋರ್ಡಿನ ಮೇಲೆ ಎರಡು ಸಾಲು ಲೆಕ್ಕ ಹಾಕಿದೆ. ಆ ಹುಡುಗಿಯ ಬಿ.ಪಿ. ಕಡಿಮೆ ಆಗಿರಲಿಲ್ಲ. ಜಾಸ್ತಿ ಆಗಿತ್ತು. ನರ್ಸಮ್ಮ ಹೇಳುವ ಅಳತೆಯಲ್ಲಿ ಅದು 144 ಮತ್ತು 96.

ಪಾಠ ಅಲ್ಲಿಗೇ ನಿಲ್ಲಿಸಿದೆವು. ಆಶಾ ಅಕ್ಕನಿಗೆ ಫೋನ್ ಮಾಡಿದೆವು. ಮುಂದೆ ಏನಾಯಿತು ಅಂತ ಆಮೇಲೆ ಹೇಳುತ್ತೇನೆ. ಮೊದಲು ಆ ಎರಡು ಸಾಲಿನ ಲೆಕ್ಕ ಏನು, ಅದನ್ನು ತಿಳಿಯೋಣ. ಅದು ನೀವೂ ಮಾಡಬಹುದಾದ ಲೆಕ್ಕ.

ಒತ್ತಡ ಅಂದರೆ ಏನು?

ನೀರು ತುಂಬಿದ ಕೊಡವನ್ನು ಬರೀ ತಲೆಯ ಮೇಲೆ ಇಟ್ಟುಕೊಳ್ಳಿ. ನೆತ್ತಿ ನೋಯುತ್ತದೆ. ಸಿಂಬೆ ಇಟ್ಟು ಅದರ ಮೇಲೆ ಕೊಡ ಇಡಿ. ಅಷ್ಟು ನೋವಾಗುವುದಿಲ್ಲ. ಕೊಡ ಅದೇ. ನೀರು ಅದೇ. ಭಾರವೂ ಅಷ್ಟೇ. ಹಾಗಾದರೆ ಬದಲಾದದ್ದು ಏನು? ಭಾರ ಬೀಳುವ ಜಾಗ. ಸಿಂಬೆ ಭಾರವನ್ನು ಹೆಚ್ಚು ಜಾಗಕ್ಕೆ ಹಂಚಿತು.

ಈಳಿಗೆಮಣೆಯನ್ನು ನೋಡಿ. ಅಲಗು ಮೊಂಡಾಗಿದ್ದರೆ ಎಷ್ಟು ಒತ್ತಿದರೂ ತರಕಾರಿ ಕತ್ತರಿಸುವುದಿಲ್ಲ. ಸಾಣೆ ಹಿಡಿದ ಮೇಲೆ ಸಲೀಸಾಗಿ ಕತ್ತರಿಸುತ್ತದೆ. ಕೈಯ ಬಲ ಅಷ್ಟೇ ಇದೆ. ಆದರೆ ಅದು ಕೂದಲೆಳೆಯಷ್ಟು ಜಾಗದ ಮೇಲೆ ಬಿತ್ತು.

ಇಷ್ಟು ಜಾಗದ ಮೇಲೆ ಇಷ್ಟು ಬಲ ಬೀಳುತ್ತದೆ ಎಂಬುದನ್ನು ಒತ್ತಡ ಅನ್ನುತ್ತೇವೆ. ಇಂಗ್ಲಿಷಿನಲ್ಲಿ ಅದಕ್ಕೆ ಪ್ರೆಷರ್ ಅಂತ ಹೆಸರು. ನಮ್ಮ ಮೈಯ ನಾಳಗಳಲ್ಲಿ ರಕ್ತ ಹರಿಯುತ್ತದೆ. ಹರಿಯುವಾಗ ನಾಳದ ಗೋಡೆಯನ್ನು ಒತ್ತುತ್ತದೆ. ಅದೇ ರಕ್ತದ ಒತ್ತಡ. ಅದಕ್ಕೇ ಬಿ.ಪಿ. ಅನ್ನುತ್ತಾರೆ.

ಒಂದೇ ಹೊಲ, ಎರಡು ಅಳತೆ

ಒಂದು ಎಕರೆಗೆ 40 ಗುಂಟೆ. ಇದು ನಿಮಗೆ ಗೊತ್ತು. ಒಬ್ಬರು "ನಮ್ಮದು 2 ಎಕರೆ" ಅಂದರು. ಇನ್ನೊಬ್ಬರು "ನಮ್ಮದು 80 ಗುಂಟೆ" ಅಂದರು. ಯಾರ ಹೊಲ ದೊಡ್ಡದು? ಎರಡೂ ಒಂದೇ. 80 ದೊಡ್ಡ ಅಂಕಿ, 2 ಚಿಕ್ಕ ಅಂಕಿ. ಆದರೂ ಹೊಲ ಒಂದೇ.

ಎಕರೆಯನ್ನು ಗುಂಟೆ ಮಾಡಲು 40ರಿಂದ ಗುಣಿಸುತ್ತೀರಿ. ಗುಂಟೆಯನ್ನು ಎಕರೆ ಮಾಡಲು 40ರಿಂದ ಭಾಗಿಸುತ್ತೀರಿ. ದೊಡ್ಡ ಅಳತೆಯಿಂದ ಚಿಕ್ಕ ಅಳತೆಗೆ ಬಂದರೆ ಗುಣಾಕಾರ. ಚಿಕ್ಕ ಅಳತೆಯಿಂದ ದೊಡ್ಡ ಅಳತೆಗೆ ಹೋದರೆ ಭಾಗಾಕಾರ.

ಒತ್ತಡದ ಲೆಕ್ಕವೂ ಹೀಗೆಯೇ. ಒತ್ತಡಕ್ಕೆ ಹಲವು ಅಳತೆಗಳಿವೆ. ಅಳತೆ ಬದಲಾದರೆ ಅಂಕಿ ಬದಲಾಗುತ್ತದೆ. ಒತ್ತಡ ಮಾತ್ರ ಬದಲಾಗುವುದಿಲ್ಲ.

ಪಾದರಸದ ಅಳತೆ

ಆಸ್ಪತ್ರೆಯಲ್ಲಿ ಬಿ.ಪಿ.ಯನ್ನು ಮಿಲಿಮೀಟರ್ ಪಾದರಸದಲ್ಲಿ ಹೇಳುತ್ತಾರೆ. ಯಂತ್ರದ ಮೇಲೆ ಎಂ ಎಂ ಎಚ್ ಜಿ ಅಂತ ಇರುತ್ತದೆ. ಎಂ ಎಂ ಅಂದರೆ ಮಿಲಿಮೀಟರ್. ಎಚ್ ಜಿ ಅಂದರೆ ಪಾದರಸ. ವಿಜ್ಞಾನದಲ್ಲಿ ಪಾದರಸಕ್ಕೆ ಇಟ್ಟಿರುವ ಗುರುತು ಅದು.

ಒತ್ತಡವನ್ನು ಪಾದರಸದಲ್ಲಿ ಅಳೆಯುವುದು ಯಾಕೆ? ಇದಕ್ಕೆ ಸುಮಾರು 380 ವರ್ಷದ ಕಥೆ ಇದೆ. ಇಟಲಿ ದೇಶದಲ್ಲಿ ಟೊರಿಚೆಲ್ಲಿ ಎಂಬ ವಿಜ್ಞಾನಿ ಇದ್ದ. 1640ರ ದಶಕದಲ್ಲಿ ಅವನು ಒಂದು ಗಾಜಿನ ಕೊಳವೆ ತೆಗೆದುಕೊಂಡ. ಅದರ ಒಂದು ತುದಿ ಮುಚ್ಚಿತ್ತು. ಕೊಳವೆಗೆ ಪಾದರಸ ತುಂಬಿದ. ಬಾಯಿಗೆ ಬೆರಳು ಹಿಡಿದು, ಪಾದರಸ ಇದ್ದ ಬಟ್ಟಲಲ್ಲಿ ಬೋರಲು ಹಾಕಿದ. ಬೆರಳು ತೆಗೆದ. ಕೊಳವೆಯ ಪಾದರಸ ಪೂರ್ತಿ ಕೆಳಗೆ ಬರಲಿಲ್ಲ. ಸುಮಾರು 760 ಮಿಲಿಮೀಟರ್ ಎತ್ತರದಲ್ಲಿ ನಿಂತುಬಿಟ್ಟಿತು.

ಅದನ್ನು ಹಿಡಿದು ನಿಲ್ಲಿಸಿದ್ದು ಯಾರು? ನಮ್ಮ ಸುತ್ತಲಿನ ಗಾಳಿ. ಗಾಳಿಗೂ ಭಾರ ಇದೆ. ಅದು ಬಟ್ಟಲಿನ ಪಾದರಸವನ್ನು ಒತ್ತುತ್ತಿತ್ತು. ಆ ಒತ್ತಡಕ್ಕೆ ಕೊಳವೆಯ ಪಾದರಸ ನಿಂತಿತು. ಪಾದರಸ ನೀರಿಗಿಂತ 13.6 ಪಟ್ಟು ಭಾರ. ಪಾದರಸದ ಬದಲು ನೀರು ಹಾಕಿದ್ದರೆ 10 ಮೀಟರಿಗಿಂತ ಉದ್ದದ ಕೊಳವೆ ಬೇಕಾಗುತ್ತಿತ್ತು. ಅಂದರೆ ತೆಂಗಿನ ಮರದಷ್ಟು ಎತ್ತರ. ಅದಕ್ಕೇ ಪಾದರಸ ಅನುಕೂಲ.

1896ರಲ್ಲಿ ಇಟಲಿಯ ರಿವಾ ರೊಚ್ಚಿ ಎಂಬ ವೈದ್ಯರು ರಟ್ಟೆಗೆ ಸುತ್ತುವ ಪಟ್ಟಿ ಮಾಡಿದರು. ಪಟ್ಟಿಯ ಒತ್ತಡವನ್ನು ಪಾದರಸದ ಕೊಳವೆಯಲ್ಲಿ ಅಳೆದರು. 1905ರಲ್ಲಿ ರಷ್ಯಾದ ಕೊರೊಟ್ಕಾಫ್ ಎಂಬ ವೈದ್ಯರು ಕಿವಿಗೆ ಸ್ಟೆತಸ್ಕೋಪ್ ಇಟ್ಟು, ರಕ್ತದ ಸದ್ದು ಕೇಳಿ ಬಿ.ಪಿ. ನೋಡುವ ವಿಧಾನ ಕಂಡುಹಿಡಿದರು. ಈಗಲೂ ನರ್ಸಮ್ಮ ಮೊಣಕೈ ಒಳಗೆ ಸ್ಟೆತಸ್ಕೋಪ್ ಇಡುವುದು ಅದಕ್ಕೇ.

ಪಾದರಸ ವಿಷ. ಅದರ ಬಳಕೆ ಕಡಿಮೆ ಮಾಡಲು 2013ರಲ್ಲಿ ಹಲವು ದೇಶಗಳು ಸೇರಿ ಮಿನಮಾಟಾ ಒಪ್ಪಂದ ಮಾಡಿಕೊಂಡವು. ಈಗ ಪಾದರಸ ಇಲ್ಲದ ಯಂತ್ರಗಳು ಬಂದಿವೆ. ಪಾದರಸ ಹೋದರೂ ಅದರ ಹೆಸರಿನ ಅಳತೆ ಉಳಿದಿದೆ.

ಪಾಸ್ಕಲ್ ಅಳತೆ

ಇನ್ನು ದೊಡ್ಡಮ್ಮ ಬಿಡಿಸಿದ ಮೂರು ಅಕ್ಷರಕ್ಕೆ ಬರೋಣ. ಕೆ ಪಿ ಎ ಅಂದರೆ ಕಿಲೋಪಾಸ್ಕಲ್.

ಪಾಸ್ಕಲ್ ಫ್ರಾನ್ಸ್ ದೇಶದ ವಿಜ್ಞಾನಿ. ಗಾಳಿಯ ಒತ್ತಡದ ಬಗ್ಗೆ ಅವನಿಗೆ ಒಂದು ಯೋಚನೆ ಬಂತು. ಬೆಟ್ಟದ ಮೇಲೆ ಹೋದರೆ ನಮ್ಮ ಮೇಲಿನ ಗಾಳಿ ಕಡಿಮೆ. ಒತ್ತಡವೂ ಕಡಿಮೆ ಆಗಬೇಕಲ್ಲವೇ? 1648ರಲ್ಲಿ ಪಾಸ್ಕಲನ ಅಕ್ಕನ ಗಂಡ ಪಾದರಸದ ಕೊಳವೆ ಹಿಡಿದು ಒಂದು ಬೆಟ್ಟ ಹತ್ತಿದ. ಮೇಲೆ ಹೋದಾಗ ಪಾದರಸ ಇಳಿದಿತ್ತು. ಪಾಸ್ಕಲನ ಮಾತು ನಿಜವಾಯಿತು. 1971ರಲ್ಲಿ ಒತ್ತಡದ ಅಳತೆಗೆ ಅವನ ಹೆಸರನ್ನೇ ಇಟ್ಟರು.

ಒಂದು ಪಾಸ್ಕಲ್ ತುಂಬಾ ಚಿಕ್ಕದು. ಅದಕ್ಕೇ 1000 ಪಾಸ್ಕಲ್ ಸೇರಿಸಿ ಒಂದು ಕಿಲೋಪಾಸ್ಕಲ್ ಅನ್ನುತ್ತಾರೆ. 1000 ಗ್ರಾಂ ಸೇರಿ ಒಂದು ಕಿಲೋ ಆದ ಹಾಗೆ.

ಸಮುದ್ರದ ಮಟ್ಟದಲ್ಲಿ ಗಾಳಿಯ ಒತ್ತಡ 760 ಮಿಲಿಮೀಟರ್ ಪಾದರಸ. ಅದೇ ಒತ್ತಡ ಕಿಲೋಪಾಸ್ಕಲಿನಲ್ಲಿ 101.3. ಈಗ 760ನ್ನು 101.3ರಿಂದ ಭಾಗಿಸಿ. ಏಳೂವರೆ ಬರುತ್ತದೆ. ಅಂದರೆ,

1 ಕಿಲೋಪಾಸ್ಕಲ್ = 7.5 ಮಿಲಿಮೀಟರ್ ಪಾದರಸ.

ಎಕರೆಗೆ 40 ಗುಂಟೆ ಇದ್ದ ಹಾಗೆ ಇಲ್ಲಿ ಏಳೂವರೆ.

ಮುಕ್ಕಾಲಿನ ಲೆಕ್ಕ

ಏಳೂವರೆಯಿಂದ ಗುಣಿಸುವುದು ಕಷ್ಟ ಅನ್ನಿಸಬಹುದು. ಒಂದು ಸುಲಭ ದಾರಿ ಇದೆ. ಹತ್ತರ ಮುಕ್ಕಾಲು ಏಳೂವರೆ ಅಲ್ಲವೇ? ಆದ್ದರಿಂದ ಮೊದಲು ಹತ್ತು ಪಟ್ಟು ಮಾಡಿ. ಆಮೇಲೆ ಅದರಲ್ಲಿ ಕಾಲು ಭಾಗ ಕಳೆಯಿರಿ. ಮುಕ್ಕಾಲು ಉಳಿಯುತ್ತದೆ.

ದೊಡ್ಡಮ್ಮನ ಚೀಟಿಯ ಮೇಲಿನ ಅಂಕಿ 19.2.
ಹತ್ತು ಪಟ್ಟು ಮಾಡಿದರೆ 192. (ಚುಕ್ಕೆ ಒಂದು ಮನೆ ಬಲಕ್ಕೆ ಹೋಯಿತು.)
192ರಲ್ಲಿ ಕಾಲು ಭಾಗ 48.
192ರಲ್ಲಿ 48 ಕಳೆದರೆ 144.

ಕೆಳಗಿನ ಅಂಕಿ 12.8.
ಹತ್ತು ಪಟ್ಟು ಮಾಡಿದರೆ 128.
128ರಲ್ಲಿ ಕಾಲು ಭಾಗ 32.
128ರಲ್ಲಿ 32 ಕಳೆದರೆ 96.

ಬಿ.ಪಿ. 144 ಮತ್ತು 96. ಇಷ್ಟೇ ಆ ಎರಡು ಸಾಲಿನ ಲೆಕ್ಕ.

ತಿರುಗಿಸಿ ಮಾಡಬೇಕಾದರೆ ಏಳೂವರೆಯಿಂದ ಭಾಗಿಸಬೇಕು. 120ನ್ನು ಏಳೂವರೆಯಿಂದ ಭಾಗಿಸಿದರೆ 16. ಅಂದರೆ ನರ್ಸಮ್ಮ ಹೇಳಿದ 120, ದೊಡ್ಡಮ್ಮನ ಯಂತ್ರದಲ್ಲಿ 16 ಅಂತ ಕಾಣುತ್ತದೆ. ಆ ಹುಡುಗಿಗೆ 19.2 ಇತ್ತು. 16ಕ್ಕಿಂತ 19.2 ಜಾಸ್ತಿ ತಾನೇ?

ಲೆಕ್ಕ ಬರದಿದ್ದರೂ ಒಂದು ಸಂಶಯ ಬರಬೇಕಿತ್ತು. ಪಾದರಸದ ಅಳತೆಯಲ್ಲಿ ಬಿ.ಪಿ. ನಿಜವಾಗಿ 19ಕ್ಕೆ ಇಳಿದರೆ ಮನುಷ್ಯರಿಗೆ ಎಚ್ಚರವೇ ಇರುವುದಿಲ್ಲ. ಆ ಹುಡುಗಿ ಮಾತಾಡುತ್ತಿದ್ದಳು. ಮಜ್ಜಿಗೆ ಕುಡಿದಳು. ಹಾಗಾದರೆ ಅಂಕಿಯನ್ನು ನಾವು ಓದಿದ ರೀತಿಯಲ್ಲೇ ಏನೋ ತಪ್ಪಿದೆ. ಅಂಕಿ ಒಂದು ಹೇಳಿ, ಕಣ್ಣು ಇನ್ನೊಂದು ಹೇಳಿದರೆ ಮತ್ತೊಮ್ಮೆ ನೋಡಬೇಕು.

ಆ ಹುಡುಗಿಗೆ ಏನಾಯಿತು?

ಆಶಾ ಅಕ್ಕ ಕೂಡಲೇ ಬಂದರು. ತಲೆನೋವಿನ ಜೊತೆಗೆ ಮುಖವೂ ಊದಿರುವುದನ್ನು ಗಮನಿಸಿದರು. ಅಂದು ರಾತ್ರಿಯೇ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿಯೂ ಬಿ.ಪಿ. ಜಾಸ್ತಿ ಬಂತು. ಮೂತ್ರ ಪರೀಕ್ಷೆ ಮಾಡಿದರು. ಮಾತ್ರೆ ಕೊಟ್ಟರು. ನಾಲ್ಕು ದಿನ ಅಲ್ಲೇ ಇಟ್ಟುಕೊಂಡರು. ಆಮೇಲೂ ತಪ್ಪದೆ ಬಂದು ತೋರಿಸಲು ಹೇಳಿದರು. ತಾಯಿ ಕಾರ್ಡಿನಲ್ಲಿ ಪ್ರತಿ ಸಲದ ಬಿ.ಪಿ. ಬರೆಸಿದರು. ಕೊನೆಗೆ ದೊಡ್ಡಾಸ್ಪತ್ರೆಯಲ್ಲಿ ಹೆರಿಗೆ ಆಯಿತು. ಹೆಣ್ಣು ಮಗು. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದಾರೆ.

ದೊಡ್ಡಮ್ಮ ನನ್ನ ಕೈ ಹಿಡಿದು "ನೀವು ಲೆಕ್ಕ ಮಾಡಿದ್ರಿ, ಉಳಿದ್ಲು" ಅಂದರು. ನಾನು ಹೇಳಿದೆ, "ಇಲ್ಲ ದೊಡ್ಡಮ್ಮ. ನೀವು ಆ ಮೂರು ಅಕ್ಷರ ಬರೆದುಕೊಂಡು ಬರದಿದ್ದರೆ ನನಗೂ ತಿಳಿಯುತ್ತಿರಲಿಲ್ಲ."

ಬಿ.ಪಿ. ಬಗ್ಗೆ ನೆನಪಿಡಿ

ಬಿ.ಪಿ.ಯಲ್ಲಿ ಎರಡು ಅಂಕಿ ಇರುತ್ತವೆ. ಹೃದಯ ಹಿಂಡಿ ರಕ್ತ ತಳ್ಳುವಾಗಿನ ಒತ್ತಡ ಮೇಲಿನ ಅಂಕಿ. ಹೃದಯ ಸಡಿಲವಾದಾಗಿನ ಒತ್ತಡ ಕೆಳಗಿನ ಅಂಕಿ. ದೊಡ್ಡವರಿಗೆ ಸಾಮಾನ್ಯವಾಗಿ 120 ಮತ್ತು 80ರ ಆಸುಪಾಸು ಇರುತ್ತದೆ.

ಎರಡೂ ಅಳತೆಯಲ್ಲಿ ಈ ಅಂಕಿಗಳನ್ನು ನೋಡಿ:

ಪಾದರಸದಲ್ಲಿ 80 = ಕಿಲೋಪಾಸ್ಕಲಿನಲ್ಲಿ 10.7
ಪಾದರಸದಲ್ಲಿ 90 = ಕಿಲೋಪಾಸ್ಕಲಿನಲ್ಲಿ 12
ಪಾದರಸದಲ್ಲಿ 110 = ಕಿಲೋಪಾಸ್ಕಲಿನಲ್ಲಿ 14.7
ಪಾದರಸದಲ್ಲಿ 120 = ಕಿಲೋಪಾಸ್ಕಲಿನಲ್ಲಿ 16
ಪಾದರಸದಲ್ಲಿ 140 = ಕಿಲೋಪಾಸ್ಕಲಿನಲ್ಲಿ 18.7
ಪಾದರಸದಲ್ಲಿ 160 = ಕಿಲೋಪಾಸ್ಕಲಿನಲ್ಲಿ 21.3

ಬಸುರಿಯರಿಗೆ ಮೇಲಿನ ಅಂಕಿ 140 ಅಥವಾ ಹೆಚ್ಚು ಬಂದರೆ ಕೂಡಲೇ ಡಾಕ್ಟರಿಗೆ ತೋರಿಸಬೇಕು. ಕೆಳಗಿನ ಅಂಕಿ 90 ಅಥವಾ ಹೆಚ್ಚು ಬಂದರೂ ತೋರಿಸಬೇಕು. ಎರಡರಲ್ಲಿ ಒಂದು ಏರಿದ್ದರೂ ಸಾಕು. 160 ಅಥವಾ 110 ಮುಟ್ಟಿದರೆ ಒಂದು ಗಳಿಗೆಯೂ ತಡ ಮಾಡಬಾರದು. 108ಕ್ಕೆ ಫೋನ್ ಮಾಡಿ.

ಬಿಡದ ತಲೆನೋವು, ಕಣ್ಣು ಮಂಜಾಗುವುದು, ಮುಖ ಮತ್ತು ಕೈ ಊದುವುದು, ಹೊಟ್ಟೆಯ ಮೇಲ್ಭಾಗದಲ್ಲಿ ನೋವು. ಬಸುರಿಯರಲ್ಲಿ ಇವು ಅಪಾಯದ ಗುರುತು. ಹಾಗೇ ಬಿಟ್ಟರೆ ಫಿಟ್ಸ್ ಬರಬಹುದು. ತಾಯಿಯ ಜೀವಕ್ಕೂ ಮಗುವಿನ ಜೀವಕ್ಕೂ ಅಪಾಯ. ಈ ಗುರುತು ಕಂಡರೆ ಯಂತ್ರದ ಅಂಕಿಗಾಗಿ ಕಾಯಬೇಡಿ. ಆಸ್ಪತ್ರೆಗೆ ಹೊರಡಿ.

ಮನೆಯಲ್ಲಿ ಬಿ.ಪಿ. ನೋಡುವ ಮೊದಲು ಐದು ನಿಮಿಷ ಸುಮ್ಮನೆ ಕೂರಿಸಿ. ಬೆನ್ನಿಗೆ ಆಸರೆ ಇರಲಿ. ಕೈ ಎದೆಯ ಮಟ್ಟಕ್ಕೆ ಇರಲಿ. ಪಟ್ಟಿಯನ್ನು ರವಿಕೆಯ ತೋಳಿನ ಮೇಲೆ ಸುತ್ತಬೇಡಿ, ಬರಿ ರಟ್ಟೆಗೆ ಸುತ್ತಿ. ಕಾಫಿ ಟೀ ಕುಡಿದು ಅರ್ಧ ಗಂಟೆ ಆಗಿರಲಿ. ಮನೆಯ ಯಂತ್ರ ನೋಡಿ ನೀವೇ ಮದ್ದು ಮಾಡಬೇಡಿ. ಮಾತ್ರೆ ಕೊಡುವುದು, ಬಿಡಿಸುವುದು ಡಾಕ್ಟರ ಕೆಲಸ.

ಕೆಲವು ಯಂತ್ರಗಳಲ್ಲಿ ಎರಡೂ ಅಳತೆ ಇರುತ್ತವೆ. ಒಂದರಿಂದ ಇನ್ನೊಂದಕ್ಕೆ ಬದಲಾಯಿಸಬಹುದು. ದೊಡ್ಡಮ್ಮನ ಯಂತ್ರವನ್ನು ನರ್ಸಮ್ಮ ಪಾದರಸದ ಅಳತೆಗೆ ಇಟ್ಟುಕೊಟ್ಟರು. ಈಗ ಅದರಲ್ಲಿ 120 ಅಂದರೆ 120.

ಕುಕ್ಕರಿನ ಒತ್ತಡ

ಒತ್ತಡ ಆಸ್ಪತ್ರೆಯಲ್ಲಿ ಮಾತ್ರ ಇಲ್ಲ. ನಿಮ್ಮ ಒಲೆಯ ಮೇಲೂ ಇದೆ. ಪ್ರೆಷರ್ ಕುಕ್ಕರ್ ಅಂದರೆ ಒತ್ತಡದ ಪಾತ್ರೆ. ಅದರ ಒತ್ತಡವನ್ನು ಒಂದು ಚದರ ಸೆಂಟಿಮೀಟರಿಗೆ ಇಷ್ಟು ಕಿಲೋ ಅಂತ ಹೇಳುತ್ತಾರೆ. ಒಂದು ಚದರ ಸೆಂಟಿಮೀಟರ್ ಅಂದರೆ ಸುಮಾರು ಕಿರುಬೆರಳ ಉಗುರಿನಷ್ಟು ಜಾಗ.

ಮನೆಯ ಕುಕ್ಕರ್ ಸಾಮಾನ್ಯವಾಗಿ ಸುಮಾರು 1 ಕಿಲೋ ಒತ್ತಡಕ್ಕೆ ಕೂಗುತ್ತದೆ. ಹೊರಗಿನ ಗಾಳಿಯ ಒತ್ತಡದ ಮೇಲೆ ಇದು ಹೆಚ್ಚುವರಿ. ಈ ಒತ್ತಡದಲ್ಲಿ ನೀರು 100 ಡಿಗ್ರಿಗೆ ಕುದಿಯದೆ ಸುಮಾರು 120 ಡಿಗ್ರಿವರೆಗೆ ಬಿಸಿಯಾಗುತ್ತದೆ. ಅದಕ್ಕೇ ಬೇಳೆ ಬೇಗ ಬೇಯುತ್ತದೆ.

ಉಗುರಿನಷ್ಟು ಜಾಗಕ್ಕೆ ಒಂದು ಕಿಲೋ ಅಂದರೆ ಕಡಿಮೆ ಅನ್ನಿಸುತ್ತದೆ. ಪೂರ್ತಿ ಮುಚ್ಚಳಕ್ಕೆ ಎಷ್ಟು? ಮುಚ್ಚಳ 20 ಸೆಂಟಿಮೀಟರ್ ಅಗಲ ಇದ್ದರೆ ಅದರಲ್ಲಿ ಸುಮಾರು 314 ಚದರ ಸೆಂಟಿಮೀಟರ್ ಜಾಗ ಇದೆ. ಅಂದರೆ 314 ಕಿಲೋ ಬಲ ಮುಚ್ಚಳವನ್ನು ಒಳಗಿನಿಂದ ದೂಡುತ್ತಿರುತ್ತದೆ. ಮೂರು ಕ್ವಿಂಟಾಲಿಗಿಂತ ಜಾಸ್ತಿ! ಅದಕ್ಕೇ ಹೇಳುವುದು, ಆವಿ ಪೂರ್ತಿ ಹೋಗುವ ಮೊದಲು ಮುಚ್ಚಳವನ್ನು ಬಲವಂತವಾಗಿ ತೆಗೆಯಬೇಡಿ. ಆವಿ ಹೋಗುವ ತೂತಿನಲ್ಲಿ ಬೇಳೆಸಿಪ್ಪೆ ಕಟ್ಟಿಕೊಂಡಿದೆಯೇ, ದಿನಾ ನೋಡಿ. ಸೇಫ್ಟಿ ವಾಲ್ವ್ ಹೋದರೆ ಅದೇ ಕುಕ್ಕರಿನ ವಾಲ್ವ್ ಹಾಕಿಸಿ.

ಗಾಡಿಯ ಚಕ್ರದ ಗಾಳಿ

ಈಗ ನಮ್ಮಲ್ಲಿ ಎಷ್ಟೋ ಅಕ್ಕಂದಿರು ಸ್ಕೂಟರ್ ಓಡಿಸುತ್ತಾರೆ. ಪಂಕ್ಚರ್ ಅಂಗಡಿಯಲ್ಲಿ "28 ಹಾಕಿ" ಅನ್ನುತ್ತಾರೆ. ಏನು 28? ಅದು ಪಿ ಎಸ್ ಐ ಎಂಬ ಅಳತೆ. ಒಂದು ಚದರ ಅಂಗುಲಕ್ಕೆ ಇಷ್ಟು ಪೌಂಡು ಅಂತ ಅರ್ಥ. ಅಂಗುಲ, ಪೌಂಡು ಹಳೆಯ ಇಂಗ್ಲಿಷರ ಅಳತೆಗಳು. ಚಕ್ರದ ಗಾಳಿಗೆ ಅವು ಇನ್ನೂ ಉಳಿದಿವೆ.

ಕೆಲವು ಗಾಡಿಯ ಪುಸ್ತಕದಲ್ಲಿ ಕಿಲೋ ಲೆಕ್ಕದಲ್ಲಿ ಬರೆದಿರುತ್ತಾರೆ. ಕೆಲವು ಕಡೆ ಬಾರ್ ಅಂತ ಇರುತ್ತದೆ. ಇನ್ನು ಕೆಲವು ಕಡೆ ಕಿಲೋಪಾಸ್ಕಲ್.

1 ಕಿಲೋ ಒತ್ತಡ = 14.2 ಪಿ ಎಸ್ ಐ
1 ಬಾರ್ = 14.5 ಪಿ ಎಸ್ ಐ
1 ಬಾರ್ = 100 ಕಿಲೋಪಾಸ್ಕಲ್

ಪುಸ್ತಕದಲ್ಲಿ 2 ಕಿಲೋ ಅಂತ ಇದೆ ಅನ್ನೋಣ. 2ನ್ನು 14.2ರಿಂದ ಗುಣಿಸಿ. 28.4 ಬರುತ್ತದೆ. ಅಂಗಡಿಯಲ್ಲಿ 28 ಅಂತ ಹೇಳಿದರೆ ಸರಿ. ಪುಸ್ತಕದಲ್ಲಿ 200 ಕಿಲೋಪಾಸ್ಕಲ್ ಅಂತ ಇದ್ದರೆ? 200ನ್ನು 7ರಿಂದ ಭಾಗಿಸಿ. ಸುಮಾರು 29 ಬರುತ್ತದೆ. ಚಕ್ರದ ಗಾಳಿಗೆ ಈ ಅಂದಾಜು ಸಾಕು.

ನಿಮ್ಮ ಗಾಡಿಗೆ ಎಷ್ಟು ಬೇಕು ಅಂತ ಗಾಡಿಯ ಪುಸ್ತಕ ನೋಡಿಯೇ ತಿಳಿಯಿರಿ. ಮುಂದಿನ ಚಕ್ರಕ್ಕೆ ಒಂದು, ಹಿಂದಿನ ಚಕ್ರಕ್ಕೆ ಒಂದು ಇರಬಹುದು. ದೂರ ಓಡಿಸಿ ಚಕ್ರ ಬಿಸಿಯಾದಾಗ ಒತ್ತಡ ಏರಿರುತ್ತದೆ. ಚಕ್ರ ತಣ್ಣಗಿದ್ದಾಗ ನೋಡಿಸಿ.

ನಲ್ಲಿಯ ನೀರಿನ ಒತ್ತಡ

ಊರಿನ ಟ್ಯಾಂಕನ್ನು ಎತ್ತರದಲ್ಲಿ ಕಟ್ಟುವುದು ಯಾಕೆ? ನೀರಿಗೆ ಒತ್ತಡ ಬರಲಿ ಅಂತ.

ಒಂದು ಚದರ ಸೆಂಟಿಮೀಟರ್ ಅಗಲದ ಕೊಳವೆ, 10 ಮೀಟರ್ ಎತ್ತರ ಅಂದುಕೊಳ್ಳಿ. ಅದರಲ್ಲಿ ಸರಿಯಾಗಿ ಒಂದು ಲೀಟರ್ ನೀರು ಹಿಡಿಯುತ್ತದೆ. ಒಂದು ಲೀಟರ್ ನೀರಿನ ತೂಕ ಒಂದು ಕಿಲೋ. ಹಾಗಾಗಿ,

10 ಮೀಟರ್ ಎತ್ತರದ ನೀರು = 1 ಕಿಲೋ ಒತ್ತಡ.

ಟ್ಯಾಂಕಿನ ನೀರು ನಿಮ್ಮ ನಲ್ಲಿಗಿಂತ 30 ಅಡಿ ಮೇಲಿದೆ ಅನ್ನೋಣ. 30 ಅಡಿ ಅಂದರೆ ಸುಮಾರು 9 ಮೀಟರ್. ಒತ್ತಡ 0.9 ಕಿಲೋ. ಪಿ ಎಸ್ ಐ ಲೆಕ್ಕದಲ್ಲಿ ಸುಮಾರು 13. ನಿಂತ ನೀರಿಗೆ ಇಷ್ಟು ಒತ್ತಡ. ಪೈಪಿನಲ್ಲಿ ಹರಿದು ಬರುವಾಗ ಸ್ವಲ್ಪ ಕಡಿಮೆ ಆಗುತ್ತದೆ. ಟ್ಯಾಂಕ್ ಎಷ್ಟು ದೊಡ್ಡದು ಎಂಬುದು ಇಲ್ಲಿ ಮುಖ್ಯ ಅಲ್ಲ. ನೀರು ಎಷ್ಟು ಎತ್ತರದಲ್ಲಿದೆ ಎಂಬುದು ಮುಖ್ಯ. ದಿಬ್ಬದ ಮೇಲಿನ ಮನೆಗೆ ನೀರು ಸಣ್ಣಗೆ ಬರುವುದು ಇದಕ್ಕೇ. ಗ್ರಾಮ ಸಭೆಯಲ್ಲಿ ನೀರಿನ ಮಾತು ಬಂದಾಗ ಈ ಲೆಕ್ಕ ಕೇಳಿ.

ಹೊಲದಲ್ಲಿ ಹನಿ ನೀರಾವರಿ ಇದ್ದರೆ ಫಿಲ್ಟರಿನ ಹತ್ತಿರ ಒಂದು ಗುಂಡನೆಯ ಮೀಟರ್ ಇರುತ್ತದೆ. ಅದರಲ್ಲಿ ಮುಳ್ಳು ಒಂದೇ. ಆದರೆ ಅಂಕಿಗಳ ಸಾಲು ಎರಡು ಇರಬಹುದು. ಒಂದು ಸಾಲು ಕಿಲೋ ಲೆಕ್ಕ. ಇನ್ನೊಂದು ಪಿ ಎಸ್ ಐ ಲೆಕ್ಕ. ಮುಳ್ಳು ಒಂದು ಸಾಲಿನಲ್ಲಿ 1 ತೋರಿಸಿದರೆ ಇನ್ನೊಂದರಲ್ಲಿ 14 ತೋರಿಸುತ್ತದೆ. ಎರಡೂ ಒಂದೇ ಒತ್ತಡ. "ಒಂದಕ್ಕೆ ಇಡಿ" ಅಂದರೆ ಯಾವ ಸಾಲಿನ ಒಂದು ಅಂತ ಕೇಳಿಕೊಳ್ಳಿ.

ಮೂರು ಮಾತು

ಒಂದು: ಅಂಕಿ ಬರೆದುಕೊಳ್ಳುವಾಗ ಪಕ್ಕದ ಅಕ್ಷರವನ್ನೂ ಬರೆದುಕೊಳ್ಳಿ. ಅರ್ಥ ಆಗದಿದ್ದರೂ ಬರೆದುಕೊಳ್ಳಿ.

ಎರಡು: ಎರಡು ಅಂಕಿ ಹೋಲಿಸುವ ಮೊದಲು ಎರಡನ್ನೂ ಒಂದೇ ಅಳತೆಗೆ ತನ್ನಿ.

ಮೂರು: ಬಂದ ಉತ್ತರ ಕಣ್ಣಿಗೆ ಕಾಣುವುದಕ್ಕೆ ಹೊಂದುತ್ತದೆಯೇ ನೋಡಿ. ಹೊಂದದಿದ್ದರೆ ಕೇಳಿ. ಕೇಳುವುದಕ್ಕೆ ನಾಚಿಕೆ ಬೇಡ.

ಈ ಅಳತೆಗಳ ಅಕ್ಷರ ಇಂಗ್ಲಿಷಿನಲ್ಲಿ ಇರುತ್ತವೆ. ನಿಮ್ಮ ಕೇಂದ್ರದ ಟೀಚರಿಗೆ ಹೇಳಿ ಬೋರ್ಡಿನ ಮೇಲೆ ಬರೆಸಿ. ಅವುಗಳ ಆಕಾರ ಗುರುತು ಹಿಡಿಯುವುದನ್ನು ಕಲಿಯಿರಿ. ನಮ್ಮ ದೊಡ್ಡಮ್ಮ ಈಗ ಈ ಅಳತೆಗಳ ಅಕ್ಷರ ಗುರುತಿಸುತ್ತಾರೆ. ಮೊನ್ನೆ ಓಣಿಯಲ್ಲಿ ಯಾರೋ "ನನ್ನ ಬಿ.ಪಿ. ಹದಿನೇಳು" ಅಂದರಂತೆ. ದೊಡ್ಡಮ್ಮ ಕೂಡಲೇ ಕೇಳಿದರಂತೆ, "ಹದಿನೇಳು ಏನು? ಎಕರೆಯೋ ಗುಂಟೆಯೋ?"

ಮಾಡಿ ನೋಡಿ

1. ಯಂತ್ರದಲ್ಲಿ 17.6 ಮತ್ತು 11.2 ಕಿಲೋಪಾಸ್ಕಲ್ ಬಂದಿದೆ. ಪಾದರಸದ ಅಳತೆಯಲ್ಲಿ ಎಷ್ಟು?
2. ಗಾಡಿಯ ಪುಸ್ತಕದಲ್ಲಿ ಒಂದೂವರೆ ಕಿಲೋ ಅಂತ ಇದೆ. ಪಿ ಎಸ್ ಐ ಎಷ್ಟು?
3. ಟ್ಯಾಂಕಿನ ನೀರು ನಲ್ಲಿಗಿಂತ 15 ಮೀಟರ್ ಮೇಲಿದೆ. ಒತ್ತಡ ಎಷ್ಟು ಕಿಲೋ?
4. ನಿಮ್ಮ ಮನೆಯ ತಾಯಿ ಕಾರ್ಡ್ ಅಥವಾ ಆಸ್ಪತ್ರೆ ಚೀಟಿ ತನ್ನಿ. ಬಿ.ಪಿ. ಅಂಕಿಯ ಪಕ್ಕದಲ್ಲಿ ಯಾವ ಅಕ್ಷರ ಇದೆ? ಜೊತೆಯವರಿಗೆ ತೋರಿಸಿ, ಮಾತಾಡಿ.

ಉತ್ತರ: 1) 132 ಮತ್ತು 84. 2) ಸುಮಾರು 21. 3) ಒಂದೂವರೆ ಕಿಲೋ.